ಮುದ್ದಿಗೆ ಮೃತ್ಯುವಿನ ಭಯವೇಕೆ?

ಚಿತ್ರಕಲೆಯಲ್ಲಿ ಮುದ್ದು ಎಂಬುದು ಸುಲಭವಾಗಿ ಒಲಿಯುವ ಗುಣವೆಂದು ಸಾಮಾನ್ಯವಾದ ನಂಬಿಕೆ. ತಲೆಯನ್ನು ದೊಡ್ಡದು ಮಾಡಿ, ಕಣ್ಣನ್ನು ಅಗಲಿಸಿ, ಕೈಕಾಲುಗಳನ್ನು ಗಿಡ್ಡ ಮಾಡಿದರೆ ಬೆಕ್ಕೂ ಮುದ್ದು, ಕರಡಿಯೂ ಮುದ್ದು. ಆದರೆ ಅದೇ ಮುದ್ದನ್ನು ಸೋಲಿನ, ದುಃಖದ, ಸಾವಿನ ಎದುರು ನಿಲ್ಲಿಸಿ ನೋಡಬೇಕು. ಅದರ ಸತ್ತ್ವ ಎಷ್ಟೆಂಬುದು ಆಗ ತಿಳಿಯುತ್ತದೆ. ಇತ್ತೀಚೆಗೆ ಹಲವರು ಮನೆಯಲ್ಲೇ ಕುಳಿತು ಬರೆದುಕೊಳ್ಳುತ್ತಿರುವ ಟ್ಯಾರೋ ಎಲೆಗಳು ಈ ಪರೀಕ್ಷೆಗೆ ಒಳ್ಳೆಯ ಅವಕಾಶ.

ಟ್ಯಾರೋ ಎಂದೊಡನೆ ನಮಗೆ ನೆನಪಾಗುವುದು ಭವಿಷ್ಯ. ಹುಟ್ಟಿನಲ್ಲಿ ಅದು ಬರಿಯ ಆಟ. 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಶ್ರೀಮಂತರು, ನಮ್ಮ ಮೈಸೂರಿನವರು ಮುಂದೆ ಗಂಜೀಫಾ ಆಡಿದಂತೆ, ಕೈಯಲ್ಲಿ ಬರೆದ ಎಲೆಗಳಿಂದ ಅದನ್ನು ಆಡುತ್ತಿದ್ದರು. ಪ್ರಾಚೀನ ಈಜಿಪ್ಟಿನ ರಹಸ್ಯವಿದ್ಯೆ ಅದರಲ್ಲಿ ಅಡಗಿದೆಯೆಂದು 1781ರಲ್ಲಿ ಬರೆದವನು ಪ್ಯಾರಿಸಿನ ಕೂರ್ ದ ಜೆಬೆಲಿನ್. ಅದಕ್ಕೆ ಚರಿತ್ರೆಯ ಆಧಾರವಿಲ್ಲ. ಭವಿಷ್ಯದ ಮಾತು ಹಾಗಿರಲಿ, ನನಗೆ ಬೇಕಾದದ್ದು ಚಿತ್ರ. ಒಂದು ಕಟ್ಟಿನಲ್ಲಿ 78 ಎಲೆಗಳು: ಮರುಳ, ಸಾವು, ಗೋಪುರ, ಸೂರ್ಯ ಮೊದಲಾದ 22, ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ಬಣಗಳ 56.

ಹಿಂದಿನ ಕಟ್ಟುಗಳಲ್ಲಿ ಬಟ್ಟಲಿನ ಐದು ಎಂದರೆ ಬಹುಮಟ್ಟಿಗೆ ಐದು ಬಟ್ಟಲುಗಳಷ್ಟೆ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿಗೆ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಈ ಅಂಕಿಯ ಎಲೆಗಳಲ್ಲೂ ಮನುಷ್ಯರನ್ನು ತಂದು ಕೂಡಿಸಿದಳು. ಉರುಳಿದ ಮೂರು ಬಟ್ಟಲುಗಳನ್ನೇ ನೋಡುತ್ತ, ಬೆನ್ನ ಹಿಂದೆ ನಿಂತಿರುವ ಎರಡನ್ನು ಕಾಣದೆ ಶೋಕಿಸುವ ಕರಿಯ ನಿಲುವಂಗಿಯ ವ್ಯಕ್ತಿ ಅವಳ ಸೃಷ್ಟಿ. ಪ್ರಕಾಶಕ ರೈಡರ್, ಯೋಜನೆ ಹಾಕಿದ ಎ. ಇ. ವೇಟ್, ಇವರಿಬ್ಬರ ಹೆಸರಿನಿಂದಲೇ ಆ ಕಟ್ಟು ಬಹುಕಾಲ ಪ್ರಸಿದ್ಧವಾಗಿತ್ತು. 1951ರಲ್ಲಿ ಬಡತನದಲ್ಲೇ ತೀರಿಕೊಂಡ ಅವಳ ಪಾಲಿಗೆ ಉಳಿದದ್ದು ಚಿತ್ರದ ಮೂಲೆಯಲ್ಲಿ ಹೆಣೆದಿಟ್ಟ ಮೊದಲಕ್ಷರಗಳು ಮಾತ್ರ. ಇಂದು ಮನೆಯಲ್ಲಿ ಮೊಲ, ನರಿ, ಅಣಬೆಗಳ ಟ್ಯಾರೋ ಬರೆಯುವವರಲ್ಲಿ ಬಹುಪಾಲು ಜನ ಅವಳ ವ್ಯಾಕರಣವನ್ನೇ ಅನುಸರಿಸುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಕ್ಕಿನ ಮರಿಗಳನ್ನೇ ಪಾತ್ರಗಳನ್ನಾಗಿ ಮಾಡಿ ಇಡೀ ಕಟ್ಟನ್ನು ಬರೆದಿದ್ದಾಳೆ. ದಪ್ಪ ಕಾಗದ, ನೀರುಬಣ್ಣ, ಕತ್ತರಿಯಲ್ಲಿ ದುಂಡಗೆ ಮಾಡಿದ ಮೂಲೆಗಳು. ಎಲೆ ತಲೆಕೆಳಗಾಗಿದೆಯೆಂದು ಹಿಂಬದಿಯಿಂದಲೇ ಗುರುತು ಸಿಕ್ಕಬಾರದಲ್ಲವೆ? ಅದಕ್ಕಾಗಿ ಹೇಗೆ ತಿರುಗಿಸಿದರೂ ಒಂದೇ ಆಗಿ ಕಾಣುವ ಬಳ್ಳಿಯನ್ನು ಹಿಂದೆ ಬರೆದಿದ್ದಾಳೆ. ಈ ಶ್ರಮ ಮೆಚ್ಚತಕ್ಕದ್ದು. ಅವಳ ಬಟ್ಟಲಿನ ಐದರಲ್ಲಿ ಚೆಲ್ಲಿಹೋದ ಮೂರು ಹಾಲಿನ ಬಟ್ಟಲುಗಳ ಮುಂದೆ ಒಂದು ಮರಿ ಕುಳಿತಿದೆ; ಬಾಲದ ತುದಿಯೇ ಹಿಂದಿನ ತುಂಬಿದ ಬಟ್ಟಲಿಗೆ ತಾಗುತ್ತಿದೆ, ಅದಕ್ಕೆ ಗೊತ್ತಿಲ್ಲ. ನೋಡಿದೊಡನೆ ನಗು ಬರುತ್ತದೆ, ಮರುಕ್ಷಣ ನಗು ನಿಲ್ಲುತ್ತದೆ. ಇಲ್ಲಿ ಮುದ್ದು ದುಃಖವನ್ನು ಮರೆಸಲಿಲ್ಲ, ಹತ್ತಿರ ತಂದಿತು.

ಸಾವಿನ ಎಲೆಗೆ ಬಂದಾಗ ಮಾತ್ರ ಕೈ ಹಿಂಜರಿದಿದೆ. ಬುಟ್ಟಿಯಲ್ಲಿ ಹೊದ್ದು ಮಲಗಿದ ಮರಿ, ಮೇಲೊಂದು ಚಂದ್ರ. ಹೆಸರು ಬರೆಯದಿದ್ದರೆ ಅದು ನಿದ್ದೆಯ ಚಿತ್ರ. ಕೇಳಿದ್ದಕ್ಕೆ, "ಯಾರೂ ಹೆದರಬಾರದು ಅಂತ ಹಾಗೆ ಬರೆದೆ, ಸಾರ್" ಎಂದಳು. ಅವಳ ಉದ್ದೇಶದಲ್ಲಿ ಕರುಣೆಯುಂಟು, ಚಿತ್ರದಲ್ಲಿ ಇಲ್ಲ. ಮನೆಯಲ್ಲಿ ಸಾವು ಕಂಡವರ ಕೈಗೆ ಈ ಎಲೆ ಬಂದರೆ ಅವರ ದುಃಖಕ್ಕೆ ಅಲ್ಲಿ ಜಾಗವೇ ಇಲ್ಲ. ನಿಜವನ್ನು ಮುಚ್ಚಿಟ್ಟು ಹೇಳುವ ಸಮಾಧಾನ ದುಃಖಿಯನ್ನು ಒಂಟಿಯಾಗಿಸುತ್ತದೆ.

ಇದಕ್ಕೆ ಉತ್ತರ ಸ್ಮಿತ್ ಬರೆದ ಎಲೆಯಲ್ಲೇ ಇದೆ. ಅಲ್ಲಿ ಮೃತ್ಯು ಕವಚ ತೊಟ್ಟ ಅಸ್ಥಿಪಂಜರವಾಗಿ ಬಿಳಿಯ ಕುದುರೆಯೇರಿ ಬರುತ್ತದೆ. ದೊರೆ ಉರುಳಿದ್ದಾನೆ, ಧರ್ಮಗುರು ಕೈಜೋಡಿಸಿದ್ದಾನೆ, ತರುಣಿ ಮುಖ ತಿರುಗಿಸಿದ್ದಾಳೆ. ಮಂಡಿಯೂರಿದ ಮಗುವೊಂದು ಮಾತ್ರ ಮುಖವೆತ್ತಿ ಅದನ್ನೇ ನೋಡುತ್ತಿದೆ. ಮುಂದೆ 19ನೆಯದಾದ ಸೂರ್ಯನ ಎಲೆಯಲ್ಲಿ ಬಿಳಿಯ ಕುದುರೆ ಮತ್ತೆ ಬರುತ್ತದೆ. ಈಗ ಅದರ ಮೇಲೆ ಕೂತದ್ದು ಕೂಸು. ಅವಳು ಎಳೆತನವನ್ನು ಸಾವಿನಿಂದ ಬಚ್ಚಿಡಲಿಲ್ಲ, ಅದರ ಎದುರಿಗೇ ಇಟ್ಟಳು. ಮುದ್ದಿಗೆ ಇದಕ್ಕಿಂತ ದೊಡ್ಡ ಪಾತ್ರ ಎಲ್ಲಿ ಸಿಕ್ಕೀತು?

ಮುದ್ದಾಗಿರಬೇಕೆಂದು ಹೊರಟವರು ಕಠಿಣವಾದ ಎಲೆಗಳನ್ನೇ ಮೊದಲು ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ. ಸಾವು, ಗೋಪುರ, ಹೃದಯವನ್ನು ಇರಿದ ಮೂರು ಕತ್ತಿಗಳು, ಇವು ಸಾಧಿಸಿದರೆ ಉಳಿದವು ತಾವಾಗಿ ಬರುತ್ತವೆ. ಮನೆಯಲ್ಲಿ ಮಾಡಿದ ಕಟ್ಟಿಗೆ ಒಂದು ಅನುಕೂಲವೂ ಉಂಟು: ಒಪ್ಪದ ಎಲೆಯೊಂದನ್ನೇ ತೆಗೆದು ಮತ್ತೆ ಬರೆಯಬಹುದು. ಬುಟ್ಟಿ ಖಾಲಿಯಾಗಿರಲಿ, ಪಕ್ಕದಲ್ಲಿ ಇನ್ನೊಂದು ಮರಿ ಕುಳಿತು ಅದನ್ನು ನೋಡುತ್ತಿರಲಿ. ಕಣ್ಣು ಎಷ್ಟು ದೊಡ್ಡದಾದರೂ ಅಡ್ಡಿಯಿಲ್ಲ.