ಚೂಪು ಹಿಂತುದಿಯ ದೋಣಿಗೆ ಚುಕ್ಕಾಣಿ ಮತ್ತು ಮೋಟಾರು

ಕೆನೋ ದೋಣಿಯ ಎರಡೂ ತುದಿ ಚೂಪು. ಹುಟ್ಟು ಹಾಕುವವರಿಗೆ ಅದು ಅನುಕೂಲ. ಹಾಯಿ ಕಟ್ಟಿ, ಮೋಟಾರನ್ನೂ ಕೂರಿಸಹೊರಟಾಗ ತೊಡಕು ಶುರುವಾಗುತ್ತದೆ. ಚುಕ್ಕಾಣಿ ತೂಗಿಸಲು ಕಿರಿದಾದ ಹಿಂತುದಿ ಬಿಟ್ಟರೆ ಜಾಗವಿಲ್ಲ, ಮೋಟಾರು ಬಿಗಿಯಲು ಚಪ್ಪಟೆ ಹಲಗೆಯೇ ಇಲ್ಲ. 1865ರಲ್ಲಿ ಬ್ರಿಟನ್ನಿನ ಜಾನ್ ಮೆಕ್‌ಗ್ರೆಗರ್ ಕಟ್ಟಿಸಿದ ‘ರಾಬ್ ರಾಯ್’ ಎಂಬ ಕೆನೋ ಪುಟ್ಟ ಹಾಯಿ ಹೊತ್ತು ಯುರೋಪಿನ ನದಿಗಳಲ್ಲಿ ಸಂಚರಿಸಿತು. ಮುಂದೆ ಹಾಯಿಯ ಅಳತೆ ಹೆಚ್ಚಿದಂತೆ ಹುಟ್ಟಿನಿಂದಲೇ ದಿಕ್ಕು ಹಿಡಿಯುವುದು ಕಷ್ಟವಾಗಿ, ಚುಕ್ಕಾಣಿ ಬೇಕೇಬೇಕಾಯಿತು.

ಮನೆಯಲ್ಲಿ ಮಾಡಿದ ಚುಕ್ಕಾಣಿಗಳ ದೊಡ್ಡ ದೋಷ ಅಲಗಿನದು. ಚಪ್ಪಟೆ ಪ್ಲೈವುಡ್ ತುಂಡನ್ನು ಹಾಗೆಯೇ ನೇತುಹಾಕಿದರೆ, ಸ್ವಲ್ಪ ತಿರುಗಿಸುವಷ್ಟರಲ್ಲಿ ನೀರು ಅದರ ಮೈಬಿಟ್ಟು ಸುಳಿಗಟ್ಟುತ್ತದೆ. ದೋಣಿ ತಿರುಗುವುದಕ್ಕಿಂತ ವೇಗ ಕಳೆದುಕೊಳ್ಳುವುದೇ ಹೆಚ್ಚು. ವಿಮಾನದ ರೆಕ್ಕೆಗಳ ನಾಕಾ 0012 ಎಂಬ ಆಕಾರ ಇದಕ್ಕೆ ಒಳ್ಳೆಯ ಪರಿಹಾರ: ದಪ್ಪ ಅಗಲದ ಶೇ 12ರಷ್ಟು, ಅತಿ ದಪ್ಪದ ಜಾಗ ಮುಂದಂಚಿನಿಂದ ಶೇ 30ರಷ್ಟು ಹಿಂದೆ. 200 ಮಿ.ಮೀ. ಅಗಲದ ಅಲಗಿಗೆ 24 ಮಿ.ಮೀ. ದಪ್ಪ ಬೇಕು, 12 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದರೆ ಆಯಿತು. ಉಜ್ಜುಗೊರಡು ಹಾಕುತ್ತ ಹೋದಂತೆ ಪದರಗಳ ಅಂಟುಗೆರೆಗಳು ನಕ್ಷೆಯ ಎತ್ತರದ ಗೆರೆಗಳಂತೆ ಕಾಣಿಸಿಕೊಳ್ಳುತ್ತವೆ. ಎರಡೂ ಮೈಯಲ್ಲಿ ಗೆರೆಗಳು ಒಂದೇ ಸಮ ಇದ್ದರೆ ಆಕಾರ ಸರಿ ಬಂದಿದೆ ಎಂದರ್ಥ. ಇಷ್ಟು ಅಗ್ಗದ, ಇಷ್ಟು ನಂಬಿಕಸ್ಥ ಅಳತೆಗೋಲು ಬೇರೆ ಸಿಗದು.

ಕಲ್ಲಿಗೆ ತಾಗಿದಾಗ ಅಲಗು ಮೇಲಕ್ಕೆ ಮಡಚಿಕೊಳ್ಳಲೇಬೇಕು. ಆದರೆ ಅರ್ಧ ಮಡಚಿದ ಅಲಗಿನಲ್ಲಿ ಸಾಗುವುದು ತಪ್ಪು: ಅಲಗು ತಿರುಗುವ ಅಕ್ಷದಿಂದ ಹಿಂದೆ ಸರಿಯುವುದರಿಂದ ಚುಕ್ಕಾಣಿಯ ಹಿಡಿ ಭಾರವಾಗುತ್ತದೆ. ಚುಕ್ಕಾಣಿಯನ್ನು ದೋಣಿಗೆ ತೂಗಿಸುವ ತಿರುಗಣೆಗಳನ್ನು ಬರೀ ಸ್ಕ್ರೂಗಳಿಂದ ಕೂರಿಸುವುದೂ ಸಲ್ಲದು; ತೆಳು ಪ್ಲೈವುಡ್‌ನಿಂದ ಅವು ಕಿತ್ತುಬರುತ್ತವೆ. ಒಳಗಿನಿಂದ ಮರದ ಒತ್ತು ಕೊಟ್ಟು, ಆರಪಾರ ಬೋಲ್ಟ್ ಹಾಕಿ, ರಂಧ್ರದ ಒಳಮೈಗೆ ಎಪಾಕ್ಸಿ ಬಳಿಯಬೇಕು. ತಿರುಗಣೆಗಳಲ್ಲಿ ಕೆಳಗಿನ ಪಿನ್ನು ಮೇಲಿನದಕ್ಕಿಂತ ತುಸು ಉದ್ದವಿದ್ದರೆ ಅಲುಗಾಡುವ ನೀರಿನಲ್ಲೂ ಚುಕ್ಕಾಣಿಯನ್ನು ಸಿಕ್ಕಿಸುವುದು ಸುಲಭ.

ಚುಕ್ಕಾಣಿಯ ತಲೆಗೇ ಎಲೆಕ್ಟ್ರಿಕ್ ಮೋಟಾರು ಕಟ್ಟುವ ವಿಧಾನ ಜಾಣತನದಂತೆ ಕಾಣುತ್ತದೆ, ಎರಡೂ ಒಟ್ಟಿಗೆ ತಿರುಗುತ್ತವಲ್ಲ. ಆದರೆ ಅದು ಒಪ್ಪುವ ವಿಧಾನವಲ್ಲ. ದೋಣಿಯನ್ನು ತೇಲಿಸುವ ಶಕ್ತಿ ಅತಿ ಕಡಿಮೆಯಿರುವ ತುದಿಗೆ ಅತಿ ಭಾರ ಬೀಳುತ್ತದೆ, ನೂಕುವ ಬಲವೆಲ್ಲ ಸಣ್ಣ ತಿರುಗಣೆಗಳ ಮೇಲೆ ಬರುತ್ತದೆ, ಕಳೆ ಸುತ್ತಿಕೊಂಡರೆ ಕೂತಲ್ಲಿಂದ ಕೈಗೂ ಎಟಕುವುದಿಲ್ಲ.

ಹಿಂದಿನ ಆಸನದ ಬೆನ್ನಿಗೆ, ಎರಡೂ ಅಂಚಿನ ಮೇಲೆ ಹಾಯ್ದ ಗಟ್ಟಿ ಅಡ್ಡಪಟ್ಟಿ ಹಾಕಿ, ಅದರ ತುದಿಯ ದಪ್ಪ ಹಲಗೆಗೆ ಮೋಟಾರು ಬಿಗಿಯುವುದೇ ಮೇಲು. ಪಟ್ಟಿಯನ್ನು ಅಡಿಯಿಂದ ಮರದ ಅಚ್ಚುಗಳು ಕಚ್ಚಿ ಹಿಡಿದರೆ ದೋಣಿಗೆ ತೂತು ಕೊರೆಯಬೇಕಿಲ್ಲ. ನೂಕು ಬದಿಯಿಂದ ಬರುವ ಕಾರಣ ದೋಣಿ ಎದುರು ಬದಿಗೆ ತಿರುಗುತ್ತ ಸಾಗುವುದು ನಿಜ. ಮೋಟಾರು ಮೈಗೆ ಹತ್ತಿರವಿದ್ದಷ್ಟೂ ಆ ಎಳೆತ ಕಡಿಮೆ, ಉಳಿದದ್ದನ್ನು ಚುಕ್ಕಾಣಿ ಸರಿದೂಗಿಸುತ್ತದೆ. 12 ವೋಲ್ಟ್‌ನ ಸೀಸದ ಬ್ಯಾಟರಿ 20 ಕಿಲೋ ದಾಟುವುದುಂಟು; ಅದು ನಡುಗೆರೆಯಿಂದ ತುಸು ಎದುರು ಬದಿಗೆ, ತಳದಲ್ಲಿ, ಕಟ್ಟಿಹಾಕಿದ ಸ್ಥಿತಿಯಲ್ಲಿರಬೇಕು. ಹಾಯಿ ಏರಿಸಿದೊಡನೆ ಮೋಟಾರನ್ನು ನೀರಿನಿಂದ ಎತ್ತಬೇಕು. ಮೋಟಾರಿನಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯಿಂದ ದೋಣಿಗೆ ಒಂದೊಂದು ಹಗ್ಗ ಕಟ್ಟಿದರೆ ಹಿಡಿಕೆ ಸಡಿಲಗೊಂಡರೂ ಎರಡೂ ನೀರುಪಾಲಾಗುವುದಿಲ್ಲ.