ಆರು ಮೀಟರ್ ಯಾರು ಹತ್ತಬೇಕು?

ಹೆದ್ದಾರಿಯ ಮೇಲೊಂದು ಪಾದಚಾರಿ ಸೇತುವೆ ಎದ್ದರೆ ಸಾಕು, ಅದು ಜನಪರ ಕಾಮಗಾರಿ ಎನಿಸಿಕೊಳ್ಳುತ್ತದೆ. ಸೈಕಲ್ಲಿಗೂ ದಾರಿಯಿದೆ ಎಂದರಂತೂ ಹೊಗಳಿಕೆ ಇಮ್ಮಡಿ. ಜಾಹೀರಾತು ಫಲಕ ಹೊತ್ತು ನಿಂತ ಬೆಂಗಳೂರಿನ ಸ್ಕೈವಾಕ್‌ಗಳ ಕಥೆ ಎಲ್ಲರಿಗೂ ಗೊತ್ತು; ಮುಂಬೈನ ಬಾಂದ್ರಾದಲ್ಲಿ 2008ರಲ್ಲಿ ತೆರೆದ ಸ್ಕೈವಾಕ್ 2019ರಲ್ಲಿ ಮುಚ್ಚಿದ್ದೂ ಗೊತ್ತು. ನನ್ನ ತಕರಾರು ಎತ್ತರದ್ದು.

ಲಾರಿಗಳು ದಾಟಲು ಹೆದ್ದಾರಿಯ ಮೇಲೆ ಐದೂವರೆ ಮೀಟರ್ ತೆರವು ಬೇಕು. ತೊಲೆಯ ದಪ್ಪ ಸೇರಿದರೆ ನಡೆಯುವ ಹಾಸು ಆರು ಮೀಟರ್ ದಾಟುತ್ತದೆ. ಹದಿನೈದು ಸೆಂಟಿಮೀಟರಿನ ಮೆಟ್ಟಿಲಾದರೆ ಹತ್ತಲು ನಲವತ್ತು, ಇಳಿಯಲು ಮತ್ತೆ ನಲವತ್ತು. ಸೈಕಲ್ ತುಳಿದೇ ಹತ್ತಬೇಕೆಂದರೆ ಇಪ್ಪತ್ತಕ್ಕೊಂದರ ಇಳಿಜಾರು ಬೇಕು: ಒಂದು ಬದಿಗೆ 120 ಮೀಟರ್, ಎರಡೂ ಬದಿ ಸೇರಿ 240. ಮೂವತ್ತು ಮೀಟರ್ ರಸ್ತೆಗೆ ಇಷ್ಟು ಸುತ್ತು! ಜಾಗವಿಲ್ಲವೆಂದು ರ‍್ಯಾಂಪನ್ನು ಕಡಿದಾಗಿ ಮಾಡಿದರೆ, ಹಾಲಿನ ಕ್ಯಾನ್ ಕಟ್ಟಿಕೊಂಡವನು ಇಳಿದು ತಳ್ಳಬೇಕು. ಆಗ ಅದು ಸೈಕಲ್ ಸೇತುವೆ ಹೇಗಾದೀತು?

ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಬಳಿಯ ಹೋವನ್‌ರಿಂಗ್ ನೋಡಿ. 2012ರಲ್ಲಿ ತೆರೆದ ಈ ತೂಗು ಸೈಕಲ್ ವೃತ್ತದ 70 ಮೀಟರ್ ಕಂಬವನ್ನೇ ಎಲ್ಲರೂ ಕೊಂಡಾಡುತ್ತಾರೆ. ಅದರ ಜಾಣ್ಮೆ ಇರುವುದು ಕೆಳಗೆ: ರ‍್ಯಾಂಪ್ ಸಲೀಸಾಗಲೆಂದು ಅಲ್ಲಿ ಕಾರುಗಳ ಕೂಡುರಸ್ತೆಯನ್ನೇ ನೆಲದಲ್ಲಿ ತಗ್ಗಿಸಿದರು. ಕಷ್ಟದ ಒಂದು ಪಾಲು ಎಂಜಿನ್ನಿಗೆ ಹೋಯಿತು.

ನಮ್ಮಲ್ಲಿ ಇದನ್ನೆತ್ತಿದರೆ ಎರಡು ಪಂಗಡ ಮೈಮೇಲೆ ಬರುತ್ತವೆ. ಒಂದರ ಪ್ರಕಾರ ಜನರಿಗೆ ನಾಗರಿಕ ಪ್ರಜ್ಞೆಯಿಲ್ಲ, ಬೇಲಿ ಹಾಕಿ ಹತ್ತಿಸಬೇಕು. ಇನ್ನೊಂದು ನಾಶಿಕದ ದ್ವಾರಕಾ ವೃತ್ತ ತೋರಿಸಿ, ಸುರಂಗ ಕೊಟ್ಟರೂ ಬಳಸಲಿಲ್ಲ, ಸೇತುವೆಯೇ ಗತಿ ಎನ್ನುತ್ತದೆ. ದ್ವಾರಕಾವನ್ನು ಇವರು ಅರ್ಧ ಮಾತ್ರ ನೋಡಿದ್ದಾರೆ. ಅಲ್ಲಿ ಮುಂಬೈ–ಆಗ್ರಾ ಹೆದ್ದಾರಿ ಆಗಲೇ ಮೇಲ್ಸೇತುವೆ ಹತ್ತಿದೆ. ಲಾರಿಯನ್ನೇ ಎತ್ತಿದ ಮೇಲೂ ಕೆಳಗಿನ ನೆಲ ನಡೆಯುವವನಿಗೆ ಸಿಗಲಿಲ್ಲ. ಅವನನ್ನು ಸುರಂಗಕ್ಕೆ ಕಳಿಸಿದರು. ಅದು ವರ್ಷಗಟ್ಟಲೆ ಪಾಳು ಬಿದ್ದದ್ದಕ್ಕೆ ಜನರ ಸೋಮಾರಿತನ ಕಾರಣವೇ? ಸಂಭಾಜಿನಗರದ ಜಾಲನಾ ರಸ್ತೆಯಲ್ಲೂ ಕ್ರಾಂತಿ ಚೌಕದ ಮೇಲ್ಸೇತುವೆ ವಾಹನಗಳದ್ದೇ. ಬೇಲಿ ಹಾಕುವವರು ದ್ವಾರಕಾದಂಥ ಸುರಂಗದಲ್ಲಿ ಒಂದು ವಾರ ಸೈಕಲ್ ಇಳಿಸಿ ಹತ್ತಿಸಲಿ, ಆಮೇಲೆ ಪ್ರಜ್ಞೆಯ ಪಾಠ ಹೇಳಲಿ.

ನ್ಯಾಯಕ್ಕೆ ಒಂದು ಮಾತು: ನಾಶಿಕ, ಸಂಭಾಜಿನಗರ ಜಿಲ್ಲೆಗಳೆರಡನ್ನೂ ಹಾಯುವ ಮುಂಬೈ–ನಾಗಪುರ ಸಮೃದ್ಧಿ ಹೆದ್ದಾರಿಯಂಥ ಪ್ರವೇಶ ನಿಯಂತ್ರಿತ ಮಾರ್ಗದಲ್ಲಿ ನೆಲಮಟ್ಟದಲ್ಲಿ ದಾಟುವ ಮಾತೇ ಇಲ್ಲ, ಮೇಲೋ ಕೆಳಗೋ ದಾರಿ ಬೇಕೇ ಬೇಕು. ಊರೊಳಗೆ ಹಾಗಲ್ಲ. ಅಲ್ಲಿ ವಾಹನದ ವೇಗ ತಗ್ಗಿಸಿ, ಸಿಗ್ನಲ್ ಕೊಟ್ಟು, ನೆಲದ ಮೇಲೇ ದಾಟಿಸಬಹುದು. ಅದು ಬಿಟ್ಟು ಕಟ್ಟಿದ ಸೇತುವೆಯ ಫಲಾನುಭವಿ ಕೆಂಪು ದೀಪಕ್ಕೆ ನಿಲ್ಲದೆ ಸಾಗುವ ಕಾರು. ಖರ್ಚನ್ನೂ ಅದರ ಲೆಕ್ಕಕ್ಕೇ ಬರೆಯಬೇಕು.