ದೇಹೂ ರೋಡಿನ ಬಿಸಿಲಿಗೆ ಹರವಿದ ಕೌದಿ

ಡಿಸೆಂಬರ್ ಬಂತೆಂದರೆ ಪುಣೆ ಬಳಿಯ ದೇಹೂ ರೋಡಿನಲ್ಲಿ ಚಳಿ ಕಚ್ಚತೊಡಗುತ್ತದೆ. ಮಗನ ಮನೆಯಲ್ಲಿ ಚಳಿಗಾಲ ಕಳೆಯಲು ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುವ ತಾಯಂದಿರ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಹಳೆ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಕೌದಿಯೂ ಇರುತ್ತದೆ. ಬೆಳಗಿನ ಬಿಸಿಲಿಗೆ ಅದನ್ನು ಹರವಿದರೆ ಪಕ್ಕದ ಮನೆಯ ಮರಾಠಿ ಅಜ್ಜಿ ಅಂಚು ಮುಟ್ಟಿ ನೋಡುತ್ತಾರೆ. ಅವರ ಪಾಲಿಗೆ ಅದು ಗೋಧಡಿ. ಭಾಷೆ ಅರ್ಧಂಬರ್ಧ ಬಂದರೂ ಮಾತು ಸಾಗುತ್ತದೆ.

ಕೌದಿಯನ್ನು ಹತ್ತಿರದಿಂದಲೇ ನೋಡಬೇಕು. ಸವೆದ ಇಳಕಲ್ ಸೀರೆಯ ಕೆಂಪು ಸೆರಗು, ಅದರ ಪಕ್ಕ ಹಳೆಯ ಅಂಗಿಯ ಚೌಕಳಿ ತುಂಡು, ಒಳಗೆ ಧೋತರದ ಪದರ. ಎಲ್ಲವನ್ನೂ ಹಿಡಿದಿಟ್ಟಿರುವುದು ದಪ್ಪ ದಾರದ ಸಾಲು ಹೊಲಿಗೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಮೈಯ ಕಾವು ಹೊರಹೋಗದು. ತೊಳೆದಷ್ಟೂ ಬಟ್ಟೆ ಮೆತ್ತಗಾಗುತ್ತದೆ. ಅಂಗಡಿಯ ಬ್ಲಾಂಕೆಟ್ಟಿಗೆ ಆ ಮೆದುತನ ಎಲ್ಲಿಂದ ಬರಬೇಕು?

ಇಂಥ ಕೌದಿಯನ್ನು ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರೂ ಹೊಲಿಯುತ್ತಾರೆ; ಅವರ ಕೌದಿಗಳು ಈಗ ಕಲಾ ಪ್ರದರ್ಶನಗಳವರೆಗೂ ಹೋಗಿವೆ. ಅಂಚಿನಿಂದ ಶುರುವಾದ ಅವರ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ.

ಇತ್ತ ದೇಹೂ ರೋಡಿನ ಡಿಸೆಂಬರ್ ಚಳಿಯಲ್ಲಿ, ಲೋಣಾವಳದ ಲೋಕಲ್ ರೈಲಿನ ಸದ್ದು ಕೇಳುತ್ತ, ಮೊಮ್ಮಗು ಅಜ್ಜಿಯ ಕೌದಿಯೊಳಗೆ ಮುದುಡಿ ಮಲಗುತ್ತದೆ.